ಹಿಮ್ಮೆಟ್ಟದ ಮೂಡ್ಲಗಿರಿಯಪ್ಪನು ನಲವತ್ತು ಮಾರು ಹಿಂದೆ ಸರಿದದ್ದು

ಸ್ವಸ್ತಿ! ಕಲಿಯುಗದ ಪ್ರಥಮ ಪಾದದಲ್ಲಿ, ಆ ಪಾದವೂ ನಡೆಯುವುದನ್ನು ಮರೆತು ಆಕ್ಸಿಲರೇಟರಿನ ಮೇಲೆ ಒರಗಿಕೊಂಡ ಕಾಲದಲ್ಲಿ, ಶ್ರಾವಣ ಮಾಸದ ಬಹುಳ ಪಕ್ಷದ ಒಂದು ಗುರುವಾರ, ಶಿರಾ ಸೀಮೆಯ ಕೆಂಪು ಹೊಲಗಳಲ್ಲಿ ಕಡಲೆಕಾಯಿ ಗಿಡವು ಹಳದಿ ಹೂ ಬಿಟ್ಟು ಹೆಂಗಸರು ಸಾಲಾಗಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿರಲು; ಅಲ್ಲಿಂದ ಸಪ್ತಸಾಗರಗಳಾಚೆ, ಸೂರ್ಯನು ದಿನಕ್ಕೆ ನಾಲ್ಕು ಸಲ ಹಾಜರಿ ಹಾಕಿ ನಾಲ್ಕು ಸಲವೂ ಮೋಡದ ಹಿಂದೆ ಜಾರಿಕೊಳ್ಳುವ ಸ್ಕಾಟ್ಲೆಂಡ್ ದೇಶದ ಬಡಗಣ ಭಾಗದಲ್ಲಿ ರೈತರು ಹುಲ್ಲು ಕೊಯ್ದು, ಗಾಣದ ಕಲ್ಲಿನಷ್ಟು ದಪ್ಪ ಉರುಳೆ ಸುತ್ತಿ, ಅದಕ್ಕೆ ಕರಿ ಪ್ಲಾಸ್ಟಿಕ್ಕಿನ ಅಂಗಿ ತೊಡಿಸುತ್ತಿರಲು; ಆ ದೇಶದ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದ ವನಜಾಕ್ಷಿಯು ಬೆಳಗಿನ ಪಾಳಿಗೆಂದು ತಲೆ ಬಾಚಿಕೊಳ್ಳುತ್ತಿರಲು; ಅವಳ ತಾಯಿ ಸಣ್ಣೀರಮ್ಮನು ಕರೆಂಟಿನ ಒಲೆಯ ಮೇಲೆ ಹದಿನಾರನೆಯ ರಾಗಿ ರೊಟ್ಟಿಯನ್ನು ಮಗುಚಿ ಹಾಕುತ್ತಿರಲು, ಒಬ್ಬ ವೀರನು ಆ ಮನೆಯ ಬಾಗಿಲು ತೆರೆದು ಹೊರಬಂದು, ಹೊಸ್ತಿಲಾಚೆ ನಿಂತು, ಆಕಾಶವನ್ನೊಮ್ಮೆ ಮಗಳ ನೀಲಿ ಕಾರನ್ನೊಮ್ಮೆ ದಿಟ್ಟಿಸಿ, ಕೆಮ್ಮಿದನು.

ಆತನ ಬಿರುದಾವಳಿಯನ್ನು ಉಸಿರು ಹಿಡಿದುಕೊಂಡು ಹೇಳಬೇಕು. ಶಿರಾಮಧುಗಿರಿಮಾರ್ಗೈಕಸಾರ್ವಭೌಮ, ಗುಂಡಿಗರ್ವಭಂಜನ, ರಸ್ತೆಯುಬ್ಬುಮರ್ದನ, ಎಮ್ಮೆಹಿಂಡುವಿದಾರಣಪ್ರವೀಣ, ದಿಗಂತವಿಶ್ರಾಂತಹಾರ್ನ್‌ಘೋಷ, ತ್ರಿಂಶತ್ಸಂವತ್ಸರನಿರಪಘಾತಕೀರ್ತಿಧ್ವಜ. ಇಷ್ಟನ್ನೂ ಸುಲಿದ ಮೇಲೆ ಒಳಗೆ ಉಳಿಯುವುದು ಮೂಡ್ಲಗಿರಿಯಪ್ಪ ಎಂಬ ಹೆಸರು, ಅರವತ್ತಾರು ವಯಸ್ಸು, ಮತ್ತು ‘ಮೂಡಲ ಸಿರಿ’ ಎಂಬ ಖಾಸಗಿ ಬಸ್ಸಿಗೆ ಡ್ರೈವರಾಗಿದ್ದು ಹನ್ನೊಂದು ವರ್ಷದ ಹಿಂದೆ ಕೆಳಗಿಳಿದವನೆಂಬ ಸಂಗತಿ. ಆದರೆ ಈ ಎಲ್ಲ ಬಿರುದುಗಳ ನೆತ್ತಿಯ ಮೇಲೆ ಕಿರೀಟದ ಹಾಗೆ ಕೂತ ಬಿರುದು ಬೇರೆಯೇ ಇತ್ತು: ಹಿಮ್ಮೆಟ್ಟದವನು. ಕಿರಿದಾದ ಸೇತುವೆಯ ಮೇಲೆ ಕಲ್ಲು ತುಂಬಿದ ಲಾರಿ ಎದುರಾಗಲಿ, ಜಿಲ್ಲಾಧಿಕಾರಿಯ ಜೀಪೇ ಎದುರಾಗಲಿ, ಹಿಂದಕ್ಕೆ ಹೋದವರು ಅವರು, ಮೂಡಲ ಸಿರಿಯಲ್ಲ. ಮಧುಗಿರಿಯ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುವವರು ಇವತ್ತಿಗೂ ಆ ಮಾತನ್ನು ಆಡುತ್ತಾರೆ ಎಂದು ಮೂಡ್ಲಗಿರಿಯಪ್ಪನು ನಂಬಿದ್ದನು.

ಮಗಳು ಕೀಲಿಕೈ ಕೊಡಲು ಬಂದಳು. ಕೊಡುವ ಮೊದಲು ಉಪದೇಶ ಮಾಡಿದಳು.

“ಅಪ್ಪಾ, ಇಲ್ಲಿ ಕೇಳು. ಸಮುದ್ರದ ಕಡೆ ಹೋಗೋ ರಸ್ತೆ ಒಂದೇ ಗಾಡಿ ಹಿಡಿಸೋವಷ್ಟು. ಅಲ್ಲಲ್ಲಿ ಪಕ್ಕಕ್ಕೆ ಹೊಟ್ಟೆ ಬಂದಂಗೆ ಜಾಗ ಬಿಟ್ಟಿರ್ತಾರೆ, ಬಿಳೀ ಹಲಗೆ ನೆಟ್ಟಿರ್ತಾರೆ. ಎದುರಿಗೆ ಗಾಡಿ ಬಂದ್ರೆ, ಆ ಜಾಗ ಯಾರಿಗೆ ಹತ್ರವೋ ಅವರು ಪಕ್ಕಕ್ಕೆ ಸರಿದು ನಿಲ್ಲಬೇಕು. ಹಿಂದುಕ್ಕಿದ್ರೆ ರಿವರ್ಸ್ ಹೋಗಬೇಕು.”

“ರಿವರ್ಸಾ?”

“ಹೂಂ. ಇನ್ನೊಂದು, ದಾರಿ ಬಿಟ್ಟೋರಿಗೆ ಸ್ಟೇರಿಂಗ್ ಮೇಲಿಂದ್ಲೇ ಒಂದು ಬೆರಳು ಎತ್ತಬೇಕು. ಎತ್ತದೇ ಹೋದ್ರೆ ಇಲ್ಲಿಯೋರು ಬಾಯಲ್ಲಿ ಏನೂ ಅನ್ನಲ್ಲ. ಕೈಸಾಲ ತಗೊಂಡು ತಲೆ ತಪ್ಪಿಸ್ಕೊಂಡೋನ್ನ ನೋಡಿದಂಗೆ ನೋಡ್ತಾರೆ, ಅಷ್ಟೇ.”

“ನಂಗೇ ಗಾಡಿ ಓಡ್ಸೋದು ಹೇಳ್ಕೊಡ್ತೀಯೇನ್ ಮಗಾ?” ಎಂದು ನಕ್ಕ ವೀರನು ಕೀಲಿಕೈಯನ್ನು ಕಣ್ಣಿಗೊತ್ತಿಕೊಂಡು, ಕಾರಿನ ಮುಂದಿನ ಗಾಲಿಯನ್ನು ಮುಟ್ಟಿ ಮುಟ್ಟಿದ ಕೈಯನ್ನು ಎದೆಗೆ ಹಚ್ಚಿಕೊಂಡು, ರಥಾರೋಹಣ ಮಾಡಿದನು. ಅವನ ಎಡಕ್ಕೆ, ಮಡಿಲಲ್ಲಿ ರೊಟ್ಟಿಯ ಡಬ್ಬಿ ಇಟ್ಟುಕೊಂಡು ಸಣ್ಣೀರಮ್ಮನು ಕೂತಳು. ಹಿಂದಿನ ಸೀಟಿನಲ್ಲಿ, ಮಂಕಿ ಕ್ಯಾಪಿನೊಳಗಿಂದ ಮೂಗಷ್ಟೇ ಕಾಣುವಂತೆ, ಇನ್ನೊಬ್ಬ ವೀರನು ಮೊದಲೇ ಬಂದು ಕೂತಿದ್ದನು.

ಇವನು ಜುಂಜಯ್ಯ; ಸಣ್ಣೀರಮ್ಮನ ತಮ್ಮ. ಚಿಲ್ಲರೆನಿರಾಕರಣದಕ್ಷ, ಫುಟ್‌ಬೋರ್ಡ್‌ಸಿಂಹಾಸನಾಧೀಶ್ವರ, ಏಕಹಸ್ತಾವಲಂಬಿತದೇಹ, ಸೀಟಿನಾದಸ್ತಂಭಿತಬಸ್ಸು. ಇಪ್ಪತ್ತೆರಡು ವರ್ಷ ಅದೇ ಮೂಡಲ ಸಿರಿಯ ಕಂಡಕ್ಟರು. ಭಾವ ಮೈದುನರು ಒಂದೇ ಬಸ್ಸಿನಲ್ಲಿ ಒಂದೇ ಡಬ್ಬಿಯ ಮುದ್ದೆ ಮುರಿದು ಉಂಡವರು. ಆದರೆ ಈಗ ಹನ್ನೊಂದು ವರ್ಷದಿಂದ ಒಬ್ಬರಿಗೊಬ್ಬರು ಒಂದು ಮಾತು ಆಡಿದವರಲ್ಲ. ‘ಮಾವ ಬರದಿದ್ರೆ ನೀವೂ ಬರಬೇಡಿ’ ಎಂದು ವನಜಾಕ್ಷಿಯು ಫೋನಿನಲ್ಲಿ ಹಟ ಹಿಡಿದದ್ದರಿಂದ ಒಂದೇ ವಿಮಾನದಲ್ಲಿ ಬಂದರು, ಒಂದೇ ಮನೆಯಲ್ಲಿ ಉಳಿದರು. ಮಾತು ಮಾತ್ರ ಎರಡು ರಾಜ್ಯಗಳ ನಡುವಿನ ಪತ್ರವ್ಯವಹಾರದಂತೆ ಸಣ್ಣೀರಮ್ಮನ ಮೂಲಕವೇ ನಡೆಯಬೇಕಾಗಿತ್ತು.

“ಬಾಗಿಲು ಸರಿಯಾಗಿ ಹಾಕ್ಕೊಂಡ್ನಾ ಕೇಳು ನಿನ್ ತಮ್ಮನ್ನ.”

“ಹಾಕೈತೆ ಅಂತ ಹೇಳಕ್ಕ ನಿನ್ ಗಂಡಂಗೆ. ಇಪ್ಪತ್ತೆರಡು ವರ್ಷ ಬಾಗಿಲು ಹಾಕಿದ್ದೇ ಹಾಕಿದ್ದು.”

“ಹಾಕೈತಂತೆ” ಎಂದಳು ರಾಯಭಾರಿಣಿ, ಆಕಳಿಸುತ್ತ. ರಥವು ಹೊರಟಿತು.

ಎಂಥ ದಿಗ್ವಿಜಯವದು! ಊರು ದಾಟಿ ಎರಡು ಹರಿದಾರಿ ಹೋಗುವುದರೊಳಗೆ ಬೆಟ್ಟಗಳು ಎದ್ದು ನಿಂತವು. ಬೆಟ್ಟದ ಮೈಯೆಲ್ಲ ಸಣ್ಣ ಪೊದೆಯ ಹೂವು. ನೇರಳೆ ಹಣ್ಣು ತಿಂದ ಮಕ್ಕಳು ನಾಲಗೆ ಚಾಚಿದ ಹಾಗೆ ಬೆಟ್ಟಕ್ಕೆ ಬೆಟ್ಟವೇ ಆ ಬಣ್ಣ. ಕೆರೆಗಳು ಬಂದವು; ಒಂದಾದ ಮೇಲೆ ಒಂದು ಬರುತ್ತಲೇ ಇದ್ದವು. “ಇಷ್ಟು ನೀರು, ಒಂದಕ್ಕಾದ್ರೂ ಏರಿ ಇಲ್ಲ, ತೂಬಿಲ್ಲ. ಯಾರ ಹೊಲಕ್ಕೂ ಹೋಗಲ್ವಲ್ಲ ಇದು” ಎಂದು ಸಣ್ಣೀರಮ್ಮನು ಲೊಚಗುಟ್ಟಿದಳು. ಕುರಿಗಳು ಬಂದವು, ಬೆನ್ನ ಮೇಲೆ ಒಂದಕ್ಕೆ ನೀಲಿ, ಒಂದಕ್ಕೆ ಕೆಂಪು ಬಣ್ಣದ ಗುರುತು. ಕೆಲಸ ಹೋದ ಮೇಲೆ ಮೂವತ್ತು ಕುರಿ ಸಾಕಿಕೊಂಡಿದ್ದ ಜುಂಜಯ್ಯನು ಗಾಜಿಗೆ ಮೂಗು ಒತ್ತಿ, “ನಮ್ಮಂಗೇ ಗುರುತು ಹಾಕ್ತಾರೆ ಕಣಕ್ಕ! ಕಾಯೋರೇ ಇಲ್ಲ ನೋಡು. ಸಂಜೆಗೆ ಯಾರು ಹೊಡ್ಕೊಂಡೋಗ್ತಾರೋ” ಎಂದು ಚಿಂತೆಗೊಳಗಾದನು. ಮೂಡ್ಲಗಿರಿಯಪ್ಪನಿಗೂ ಅದೇ ಚಿಂತೆ ಬಂದಿತ್ತು. ಆದರೆ ಮೈದುನನು ಮೊದಲು ಹೇಳಿಬಿಟ್ಟನಾದ್ದರಿಂದ ಅದನ್ನು ನುಂಗಿಕೊಂಡನು.

ಗುಂಡಿಯಿಲ್ಲದ ರಸ್ತೆ ಮೊದಮೊದಲು ಅವನಿಗೆ ಸಪ್ಪೆಯೆನಿಸಿತ್ತು. ಆಮೇಲೆ, ಕೈಯಲ್ಲಿ ಸ್ಟೇರಿಂಗು ತುಪ್ಪದಲ್ಲಿ ಬೆರಳಾಡಿಸಿದ ಹಾಗೆ ತಿರುಗುವುದು ಹಿತವಾಗತೊಡಗಿತು. ಹನ್ನೊಂದು ವರ್ಷ ಜಗಲಿಯ ಮೇಲೆ ಕೂತು ಸಾಯುತ್ತಿದ್ದ ಕಾಲಿನ ಹೆಬ್ಬೆರಳಿಗೆ ಮತ್ತೆ ಜೀವ ಬಂದಿತು. ಅವನು ಮೂಗಿನಲ್ಲೇ ಏನೋ ಗುನುಗಿದನು. ಹೆಂಡತಿ ಓರೆಗಣ್ಣಲ್ಲಿ ನೋಡಿ, ಒಂದು ತುಂಡು ರೊಟ್ಟಿ ಮುರಿದು ಅವನ ಕೈಗಿತ್ತಳು.

ಆಗ ರಸ್ತೆಯು ಕಿರಿದಾಯಿತು, ಶತ್ರುಗಳು ಕಾಣಿಸಿಕೊಂಡರು.

ಮೊದಲನೆಯವನು ಕೆಂಪು ಕಾರಿನವನು. ಮೂಡ್ಲಗಿರಿಯಪ್ಪನ ರಥವನ್ನು ದೂರದಿಂದ ಕಂಡವನೇ ಬಿಳೀ ಹಲಗೆಯ ಬಳಿ ಪಕ್ಕಕ್ಕೆ ಸರಿದು ನಿಂತುಬಿಟ್ಟನು. ಎರಡನೆಯದು ಮೇಲೆ ಎರಡು ಸೈಕಲ್ಲು ಕಟ್ಟಿಕೊಂಡಿದ್ದ ವ್ಯಾನು; ಅದೂ ನಿಂತಿತು. ಮೂರನೆಯದು ಮನೆಯನ್ನೇ ಬೆನ್ನ ಮೇಲೆ ಹೊತ್ತಂಥ ಗಾಡಿ. ಒಳಗಿದ್ದ ಗಡ್ಡದ ಮುದುಕನು ನೂರು ಮಾರು ಹಿಂದಕ್ಕೆ ಹೋಗಿ, ನಿಂತು, ನಗುತ್ತ ಕಾದನು. “ನೋಡ್ದೇನಮ್ಮಿ, ಹೆಂಗೆ ಓಡ್ತಾವ್ನೆ! ಮುಖ ನೋಡಿದ್ರೇ ಗೊತ್ತಾಗ್ತದೆ, ಇವನು ಸರಿಯೋನಲ್ಲ ಅಂತ” ಎಂದು ಮೂಡ್ಲಗಿರಿಯಪ್ಪನು ಮೀಸೆಯ ಮೇಲೆ ಕೈಯಾಡಿಸಿದನು. ನಾಲ್ಕನೆಯವನು ಶರಣಾದನು. ಐದನೆಯವಳು ಶರಣಾದಳು. ಒಂಬತ್ತನೆಯವನು ಶರಣಾಗುವಾಗ ಅವನ ಕಾರಿನೊಳಗಿದ್ದ ಮಗುವೂ ಕೈಯಾಡಿಸಿತು. ಅಭಯ ಬೇಡುತ್ತಿದೆಯೆಂದು ವೀರನಿಗೆ ಕನಿಕರವಾಯಿತು. ಹೀಗೆ ಊಟದ ಹೊತ್ತಿಗೆ ಹದಿನಾಲ್ಕು ಮಂದಿ ಮಹಾರಥರು ದಾರಿ ಬಿಟ್ಟರು. ಹದಿನಾಲ್ಕು ಮಂದಿಯನ್ನೂ ಮೂಡ್ಲಗಿರಿಯಪ್ಪನು ತಲೆಯೆತ್ತಿ ಮುಂದೆ ನೋಡುತ್ತಲೇ ದಾಟಿದನು. ಸೋತವನಿಗೆ ಯಾರಾದರೂ ಬೆರಳೆತ್ತುವುದುಂಟೆ?

“ವನಜ ಏನೋ ಬೆರಳು ಎತ್ತು ಅಂದಿದ್ಲು” ಎಂದಳು ಸಣ್ಣೀರಮ್ಮ.

“ಅದು ಇವರಿವರಿಗೆ ಕಣಮ್ಮಿ.”

ಈಗ ಒಂದು ಗುಟ್ಟನ್ನು ಹೇಳಲೇಬೇಕು. ಹೇಳದೆ ಯುದ್ಧಕ್ಕೆ ಇಳಿದರೆ ಕೇಳುವವರಿಗೆ ಮೋಸವಾಗುತ್ತದೆ.

ಹಿಮ್ಮೆಟ್ಟದವನು ಹಿಮ್ಮೆಟ್ಟದೆ ಇದ್ದದ್ದು ಶೌರ್ಯವೊಂದರಿಂದಲೇ ಅಲ್ಲ. ನಮ್ಮ ಕಡೆಯ ಬಸ್ಸಿನ ಡ್ರೈವರು ಹಿಂದಕ್ಕೆ ಹೋಗುವಾಗ ಹಿಂದೆ ನೋಡುವವನಲ್ಲ. ಅದು ಅವನ ಕೆಲಸವೇ ಅಲ್ಲ. ಕಂಡಕ್ಟರು ಇಳಿದು ಬಸ್ಸಿನ ಬೆನ್ನಿಗೆ ನಿಲ್ಲುತ್ತಾನೆ. ಎರಡು ಸೀಟಿ ಹೊಡೆದರೆ ಬಾ ಎಂದು, ಒಂದೇ ಉದ್ದ ಸೀಟಿ ಹೊಡೆದರೆ ನಿಲ್ಲು ಎಂದು. ‘ಬರ್ಲಿ ಬರ್ಲಿ’ ಎಂಬ ಕೂಗು ಕಿವಿಯಿಂದ ನೇರ ಕಾಲಿಗಿಳಿದು ಬಸ್ಸು ತಾನಾಗಿ ಜಾಗಕ್ಕೆ ಹೋಗಿ ಕೂರುತ್ತದೆ. ಹಾಗೆ ಇಪ್ಪತ್ತೆರಡು ವರ್ಷ ಮೂಡ್ಲಗಿರಿಯಪ್ಪನ ಬೆನ್ನಿಗಿದ್ದ ಕಣ್ಣು ಜುಂಜಯ್ಯನದು. ಆ ಸೀಟಿಯಿಲ್ಲದೆ ಒಂದು ಗೇಣು ಹಿಂದೆ ಸರಿಯುವುದೂ ಈ ಸಾರ್ವಭೌಮನಿಂದ ಆಗುವ ಮಾತಾಗಿರಲಿಲ್ಲ.

ಜಗಳ ಹುಟ್ಟಿದ್ದೂ ಅಲ್ಲಿಯೇ. ಕೊನೆಯ ದಿನ, ಕೊನೆಯ ಟ್ರಿಪ್ಪು. ಬಸ್ಸಿಗೆ ಹೂವಿನ ಹಾರ, ಸ್ಟ್ಯಾಂಡಿನಲ್ಲಿ ಶಾಲು ಹಿಡಿದು ನಿಂತ ಜನ. ಬಸ್ಸು ಹಿಂದೆ ಹೋಗಿ ನಿಲ್ಲುವಾಗ ಕಬ್ಬಿನ ಹಾಲಿನ ಗಾಡಿಗೆ ಗುದ್ದಿತು, ಗಾಡಿ ಮಗುಚಿತು, ಮೂವತ್ತು ವರ್ಷ ಗೀರು ಬೀಳದ ಹೆಸರಿಗೆ ಕಬ್ಬಿನ ಸಿಪ್ಪೆ ಅಂಟಿಕೊಂಡಿತು. ಶಾಲು ಹಿಡಿದವರೆಲ್ಲ ನೋಡುತ್ತಿರಲು ಮೂಡ್ಲಗಿರಿಯಪ್ಪನು ಕೆಳಗಿಳಿದು, “ಸೀಟಿ ಹೊಡೆಯೋಕೂ ಯೋಗ್ಯತೆ ಇಲ್ದೋನು!” ಎಂದು ಕೂಗಿದನು. “ಹೊಡ್ದೆ ಭಾವ” ಎಂದನು ಜುಂಜಯ್ಯ. “ಹೊಡೀಲಿಲ್ಲ!” “ಹೊಡ್ದೆ.” ಅದೇ ಅವರ ನಡುವಿನ ಕಡೆಯ ಮಾತು. ಮಾರನೆಯ ದಿನ ಮಾಲೀಕನು ಜುಂಜಯ್ಯನನ್ನು ಕೆಲಸದಿಂದ ಬಿಡಿಸಿದನು.

ಹನ್ನೊಂದು ವರ್ಷದಿಂದ ಇಡೀ ಊರು ನಂಬಿರುವುದು ಮೂಡ್ಲಗಿರಿಯಪ್ಪನ ಮಾತನ್ನು. ಸೀಟಿ ಕೇಳಿಸಿತ್ತೋ ಇಲ್ಲವೋ ಎಂಬುದು ಗೊತ್ತಿದ್ದ ಕಿವಿಗಳು ಎರಡೇ. ಅವು ಮೂಡ್ಲಗಿರಿಯಪ್ಪನ ತಲೆಯ ಎರಡು ಪಕ್ಕಗಳಲ್ಲಿ, ನರೆತ ಕೂದಲಿನ ಕೆಳಗೆ, ಸುಮ್ಮನಿದ್ದವು.

ಹಾಗಿರಲು, ಬೆಟ್ಟದ ತಿರುವೊಂದನ್ನು ಬಳಸಿ ರಥವು ಮುಂದರಿದಾಗ, ಹದಿನೈದನೆಯ ಶತ್ರುವು ಎದುರಾದಳು.

ಪಲಿತಕೇಶಿನಿ, ಹರಿದ್ವರ್ಣಗಂಬೂಟಾಲಂಕೃತೆ, ಪುರುಷಕಂಚುಕಧಾರಿಣಿ. ಎಂದರೆ ಎಪ್ಪತ್ತು ದಾಟಿದ, ಗಂಡಸರ ಕೋಟು ತೊಟ್ಟ ಒಬ್ಬ ರೈತ ಮುದುಕಿ. ಅವಳ ರಥವು ಕೆಸರು ಮೆತ್ತಿದ ಹಳೆಯ ಜೀಪು. ಜೀಪಿನ ಹಿಂದೆ ಗೂಡಿನಂಥ ಟ್ರೈಲರು. ಟ್ರೈಲರಿನೊಳಗೆ ಸುತ್ತಿದ ಕೊಂಬಿನ ಮೂರು ಟಗರುಗಳೆಂಬ ಚತುರಂಗಬಲ, ಒಂದು ಅಂಗ ಕಡಿಮೆ. ಪಕ್ಕದ ಸೀಟಿನಲ್ಲಿ ಕಪ್ಪು ಬಿಳುಪಿನ ನಾಯಿಯೊಂದು ಮಂತ್ರಿಯ ಹಾಗೆ ನೆಟ್ಟಗೆ ಕೂತಿತ್ತು. ಅವಳ ಹಿಂದೆ ರಸ್ತೆಯು ಅರ್ಧ ಮೈಲಿ ಏರುತ್ತ ಸೊಟ್ಟಕ್ಕೆ ಹೋಗಿತ್ತು. ಎಲ್ಲಿಯೂ ಬಿಳೀ ಹಲಗೆಯಿಲ್ಲ. ಮೂಡ್ಲಗಿರಿಯಪ್ಪನ ಹಿಂದೆ, ನಲವತ್ತು ಮಾರಿನಲ್ಲಿ, ಈಗಷ್ಟೇ ದಾಟಿ ಬಂದ ಬಿಳೀ ಹಲಗೆ ಬಿಸಿಲಿನಲ್ಲಿ ಹೊಳೆಯುತ್ತ ನಿಂತಿತ್ತು.

ಎರಡು ರಥಗಳೂ ಮೂತಿಗೆ ಮೂತಿಯಿಟ್ಟು ನಿಂತವು. ಮುದುಕಿಯು ಒಂದು ಬೆರಳನ್ನು ನೀಡಿ ಅವನ ಬೆನ್ನ ಹಿಂದಿನ ಹಲಗೆಯ ಕಡೆಗೆ ಮೆಲ್ಲಗೆ ತೋರಿಸಿದಳು.

ಆಗ ಮೂಡ್ಲಗಿರಿಯಪ್ಪನು ಸೀಟಿನಲ್ಲಿ ನೆಟ್ಟಗಾಗಿ, ಮೂಗಿನ ಹೊಳ್ಳೆ ಅರಳಿಸಿ, ಮುಂದಿನ ಗಾಜಿಗೆ ಹೀಗೆಂದನು:

“ಯಾರಮ್ಮಾ ನೀನು? ನಾನ್ಯಾರು ಅಂತ ಕೇಳ್ಕೊಂಡು ಬಂದ್ಯಾ? ಆಲದ ಮರದ ತಿರುವ್ನಾಗೆ ಎರಡು ಕಲ್ಲಿನ ಲಾರಿ ಒಟ್ಟೊಟ್ಟಿಗೆ ಬಂದ್ವು, ಎರಡನ್ನೂ ಹಂಗಂಗೇ ಹಿಂದಕ್ಕೆ ಕಳಿಸಿದೋನು ನಾನು! ಡೀಸಿ ಸಾಹೇಬ್ರ ಜೀಪು ಹೊಲಕ್ಕಿಳೀತು, ನನ್ ಗಾಡಿ ಇಳೀಲಿಲ್ಲ! ಭೂಮಿ ಹಿಂದಕ್ಕೆ ತಿರುಗಿದ್ರೂ ಮೂಡ್ಲಗಿರಿಯಪ್ಪನ ಗಾಲಿ ತಿರುಗಾಕಿಲ್ಲ. ಮೂರು ಟಗರು ಕಟ್ಕೊಂಡು ಬಂದು ನಂಗೆ ಬೆರಳು ತೋರಿಸ್ತೀಯಾ?”

ಕಿಟಕಿಯ ಗಾಜುಗಳನ್ನು ಚಳಿಗೆಂದು ಏರಿಸಿದ್ದುದರಿಂದ ಈ ವೀರವಾಣಿಯು ಕಾರಿನಿಂದ ಹೊರಕ್ಕೆ ಹೋಗಲಿಲ್ಲ. ಆದರೆ ಹಿಂದಿನ ಸೀಟಿಗೆ ಹೋಯಿತು. ಅಲ್ಲಿ ಮಂಕಿ ಕ್ಯಾಪು ಮೇಲೇರಿ, ಬಾಯಿ ಹೊರಬಂದಿತು.

“ಅಕ್ಕಾ, ನಿನ್ ಗಂಡಂಗೆ ಹೇಳು. ಆ ಎರಡು ಲಾರಿ ಹಿಂದಕ್ಕೆ ಹೋಗಿದ್ದು ಇವರ ಮೀಸೆ ನೋಡಿ ಅಲ್ಲ. ನಾನು ಇಳಿದೋಗಿ ಡ್ರೈವರ್ ಕೈ ಹಿಡ್ಕಂಡು, ‘ಅಣ್ಣೋ, ನಮ್ ಭಾವ ಮೊಂಡ, ಜನ ತುಂಬವ್ರೆ, ನೀನೇ ಒಂಚೂರು ಹೋಗಪ್ಪ’ ಅಂತ ಬೇಡ್ಕಂಡಿದ್ದಕ್ಕೆ. ಡೀಸಿ ಜೀಪಿನ ಡ್ರೈವರ್ಗೆ ಎರಡು ಬೀಡಿ ಕೊಟ್ಟಿದ್ದೆ.”

“ಹೇಳ್ತಾವ್ನೆ ನೋಡಿ” ಎಂದಳು ಸಣ್ಣೀರಮ್ಮ.

“ನಂಗೂ ಕಿವಿ ಐತೆ.”

“ಅದೇ ನಾನು ಹನ್ನೊಂದು ವರ್ಷದಿಂದ ಕೇಳ್ತಿರೋದು!” ಎಂದಿತು ಹಿಂದಿನ ಸೀಟು.

ಅಷ್ಟರಲ್ಲಿ ಎದುರಾಳಿಯು ಒಂದು ಭಯಂಕರ ಕಾರ್ಯಕ್ಕೆ ಕೈಹಾಕಿದಳು. ಇಂಜಿನ್ನು ಆರಿಸಿದಳು. ಕಾಲ ಬಳಿಯಿಂದ ಫ್ಲಾಸ್ಕೊಂದನ್ನು ಎತ್ತಿ, ಮುಚ್ಚಳಕ್ಕೆ ಟೀ ಬಗ್ಗಿಸಿ, ಊದಿ ಊದಿ ಕುಡಿಯತೊಡಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅವಸರವೂ ಇರಲಿಲ್ಲ. ಈ ಬೇಸಾಯಗಾರ್ತಿಗೆ ಮಳೆಗೆ, ಕುರಿಗೆ, ಗಂಡಸರಿಗೆ ಕಾದು ಅಭ್ಯಾಸವಿದ್ದಿರಬೇಕು. ಅಸ್ತ್ರಗಳಲ್ಲೆಲ್ಲ ಕ್ರೂರವಾದ ಈ ತಾಳ್ಮೆಯ ಅಸ್ತ್ರವು ಬಂದು ತಾಗಲು, ಮೂಡ್ಲಗಿರಿಯಪ್ಪನ ಕುತ್ತಿಗೆಯಲ್ಲಿ ಬೆವರೊಡೆಯಿತು. ಅವನ ಹಿಂದೆ ಇನ್ನೂ ಯಾರೂ ಬಂದಿರಲಿಲ್ಲ. ನೋಡುವವರು ಬರುವ ಮೊದಲೇ ಇದನ್ನು ಮುಗಿಸಬೇಕಾಗಿತ್ತು. ತುಟಿ ಕಚ್ಚಿ, ಗೇರನ್ನು ಎಳೆದು, ಜೀವಮಾನದಲ್ಲಿ ಮೊದಲ ಬಾರಿಗೆ ಯಾರ ಸೀಟಿಯೂ ಇಲ್ಲದೆ ಅವನು ರಿವರ್ಸಿಗೆ ಹಾಕಿದನು.

ಕಾರು ಕೂಗಿಕೊಂಡಿತು: ಪೀಂ. ಪೀಂ. ಪೀಂಪೀಂಪೀಂ.

“ಯಾವನೇ ಅದು?”

“ಕಾರು. ಹಿಂದೆ ಏನಾದ್ರೂ ಇದ್ರೆ ಕೂಗ್ತದಂತೆ. ವನಜ ಹೇಳಿದ್ಲು.”

“ಯಾವ ಕಡೆ ಒಡೀಬೇಕು ಅಂತ ಹೇಳ್ದೆ ಸುಮ್ಕೆ ಅರಚ್ತದಲ್ಲ! ಇದೂ ಒಂದು ಕಂಡಕ್ಟ್ರಾ?”

ಹಿಂದಿನ ಸೀಟಿನಿಂದ ಒಂದು ಹ್ಹಹ್ಹ ಬಂದಿತು. ಆ ಹ್ಹಹ್ಹಕ್ಕೆ ವೀರನು ಸಿಟ್ಟಿನಿಂದ ಸ್ಟೇರಿಂಗನ್ನು ಜಗ್ಗಲು, ಕಾರು ಸೊಟ್ಟಗೆ ಹೋಗಿ, ಹಿಂದಿನ ಎಡ ಗಾಲಿಯು ಡಾಂಬರು ಬಿಟ್ಟು ಜೌಗಿನ ಅಂಚಿಗೆ ಇಳಿಯಿತು. ಮೂಡ್ಲಗಿರಿಯಪ್ಪನು ಗಕ್ಕನೆ ನಿಲ್ಲಿಸಿದನು. ಸಣ್ಣೀರಮ್ಮನು ದೇವರ ಹೆಸರು ಹೇಳುತ್ತ ಕೆಳಗಿಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾರಿನ ಹಿಂದೆ ಹೋಗಿ ನಿಂತಳು.

“ಮುಂದುಕ್ಕೆ ಬಂದು ಆಮೇಲೆ ಹಿಂದುಕ್ಕೆ ಹೋಗಿ. ಹಾಂ. ಬನ್ನಿ... ಬನ್ನಿ... ಆ ಕಡೆಗೆ.”

“ಯಾವ ಕಡೆಗೆ?”

“ಅದೇ, ಆ ಕಡೆಗೆ. ಕುರಿ ಮೇಯ್ತಾವಲ್ಲ.”

“ಎರಡೂ ಕಡೆ ಮೇಯ್ತಾವೆ ಕಣೇ!”

ಗಾಲಿಯು ಈಗ ಬಲಗಡೆ ಇಳಿಯಿತು. ಎದುರಿನ ನಾಯಿಯು ಕತ್ತು ಓರೆ ಮಾಡಿ ನೋಡಿತು. ಮುದುಕಿಯು ಎರಡನೆಯ ಮುಚ್ಚಳ ಟೀ ಬಗ್ಗಿಸಿಕೊಂಡಳು. ಸಣ್ಣೀರಮ್ಮನು ಗಂಡನ ಕಿಟಕಿಗೆ ಬಂದು ಗಾಜನ್ನು ಕುಟ್ಟಿದಳು. ಗಾಜು ಇಳಿಯಿತು.

“ಇಬ್ರೂ ಕೇಳಿಸ್ಕೊಳ್ಳಿ. ಹನ್ನೊಂದು ವರ್ಷ ನಿಮ್ಮಿಬ್ರ ಮಾತು ಹೊತ್ತು ಹೊತ್ತು ನನ್ ನಾಲ್ಗೆ ಸವೆದೋಗೈತೆ. ‘ಉಪ್ಪು ಕೊಡು ಅಂತ ನಿನ್ ತಮ್ಮಂಗೆ ಹೇಳು’, ‘ಉಪ್ಪು ಅಲ್ಲೇ ಐತೆ ಅಂತ ನಿನ್ ಗಂಡಂಗೆ ಹೇಳು’. ನಾನೇನು ತಂತಿ ಆಪೀಸಾ? ಇವತ್ತಿಂದ ನಾನು ಒಂದು ಮಾತೂ ಹೊರಾಕಿಲ್ಲ. ಇಲ್ಲೇ ಕೂತಿರಿ ಇಬ್ರೂವೆ. ನಾನು ಆ ಯಮ್ಮನ ಗಾಡೀಲಿ ಕೂತ್ಕಂತೀನಿ. ನಿಮಗಿಂತ ಟಗರೇ ವಾಸಿ.”

ಹೇಳಿದಂತೆಯೇ ಹೋದಳು. ರೊಟ್ಟಿಯ ಡಬ್ಬಿಯನ್ನೂ ಒಯ್ದಳು. ಮುದುಕಿಯು ಬಾಗಿಲು ತೆಗೆದು, ನಾಯಿಯನ್ನು ಹಿಂದಕ್ಕೆ ದಬ್ಬಿ, ಜಾಗ ಮಾಡಿಕೊಟ್ಟಳು. ಒಂದೇ ಒಂದು ಮಾತೂ ಪರಸ್ಪರ ತಿಳಿಯದ ಆ ಇಬ್ಬರು, ಗಾಜಿನ ಹಿಂದೆ ರೊಟ್ಟಿ ತಿನ್ನುತ್ತ ಇತ್ತ ಕಡೆ ಕೈ ತೋರಿಸಿ ತಲೆಯಾಡಿಸುವುದು ಕಾಣುತ್ತಿತ್ತು.

ಕಾರಿನೊಳಗೆ ಇಬ್ಬರೇ ಉಳಿದರು. ಗೂಢಚಾರರಿಲ್ಲದ, ರಾಯಭಾರಿಯಿಲ್ಲದ ಎರಡು ಸೇನೆಗಳು. ಕನ್ನಡಿಯಲ್ಲಿ ಮೂಡ್ಲಗಿರಿಯಪ್ಪನಿಗೆ ಮೈದುನನ ಮೂಗು ಕಾಣಿಸಿತು, ಮೂಗಿಗೆ ನೆಗಡಿಯಾಗಿತ್ತು. ಇವನ ಕೆಲಸ ಹೋದ ತಿಂಗಳು ಇವನ ಮನೆಯಲ್ಲಿ ಒಲೆ ಹೊತ್ತಿದ್ದು ಸಣ್ಣೀರಮ್ಮ ಸೆರಗಿನಲ್ಲಿ ಕದ್ದು ಒಯ್ದ ಹಿಟ್ಟಿನಿಂದ ಎಂಬುದು ಅವನಿಗೆ ಗೊತ್ತಿತ್ತು, ಗೊತ್ತಿಲ್ಲದವನಂತೆ ಇದ್ದನು. ಆ ದಿನ ಶಾಲು ಹಿಡಿದವರನ್ನೇ ನೋಡುತ್ತ ಕೂತಿದ್ದಾಗ ಹಿಂದಿನಿಂದ ಬಂದ ಉದ್ದನೆಯ ಒಂದು ಸೀಟಿ, ಕಿವಿಗೆ ಬಂದರೂ ಕಾಲಿಗೆ ಇಳಿಯದೆ ಹೋದ ಆ ಒಂದು ಗಳಿಗೆ, ಈಗ ಈ ಪರದೇಶದ ಬೆಟ್ಟದ ಸಂದಿಯಲ್ಲಿ ಬಂದು ಅವನ ಪಕ್ಕದ ಖಾಲಿ ಸೀಟಿನಲ್ಲಿ ಕೂತಿತು.

‘ಇಳಿಯಪ್ಪಾ’ ಎನ್ನಬೇಕು. ಅನ್ನಲಿಲ್ಲ. ಕೊನೆಗೆ ಅವನ ಹೆಬ್ಬೆರಳು ತಾನಾಗಿ ಹೋಗಿ ಹಾರ್ನಿನ ಮೇಲೆ ಎರಡು ಸಲ ಚಿಕ್ಕದಾಗಿ ಒತ್ತಿತು. ಪೊಂ, ಪೊಂ. ಮೂಡಲ ಸಿರಿಯಲ್ಲಿ ಅದಕ್ಕೆ ‘ಇಳಿದು ಹಿಂದೆ ನೋಡು’ ಎಂದರ್ಥ.

ಆ ದೇಶದಲ್ಲಿ ಹಾರ್ನ್ ಎಂಬುದು ವರ್ಷಕ್ಕೊಮ್ಮೆ ಕೇಳುವ ಶಬ್ದ. ಬೆಟ್ಟದ ಮೇಲಿನ ಕುರಿಗಳೆಲ್ಲ ಒಮ್ಮೆಗೇ ತಲೆಯೆತ್ತಿದವು. ಜುಂಜಯ್ಯನು ಬೈಯಲೆಂದು ಬಾಯಿ ತೆರೆದನು. ಆದರೆ ಇಪ್ಪತ್ತೆರಡು ವರ್ಷ ಆ ಶಬ್ದಕ್ಕೆ ನೆಗೆದ ಕಾಲುಗಳು ಯಜಮಾನನ ಅಪ್ಪಣೆಗೆ ಕಾಯಲಿಲ್ಲ. ಬಾಯಿ ಮುಚ್ಚುವ ಹೊತ್ತಿಗೆ ಅವನು ಆಗಲೇ ಕಾರಿನ ಹಿಂದೆ, ತಂಗಾಳಿಯಲ್ಲಿ, ಕಾಲು ಅಗಲಿಸಿ ನಿಂತಿದ್ದನು. ನಿಂತ ಮೇಲೆ ಇನ್ನೇನು ಮಾಡುವುದು? ಸ್ವೆಟರು ಎತ್ತಿ, ಉಡಿದಾರಕ್ಕೆ ಕಟ್ಟಿದ್ದ ಸೀಟಿಯನ್ನು ಬಿಚ್ಚಿ, ಅಂಗೈಯಲ್ಲಿ ತಿಕ್ಕಿ, ತುಟಿಗಿಟ್ಟನು. ಹೋದ ಕೆಲಸದ ಆ ಸೀಟಿಯನ್ನು ಹನ್ನೊಂದು ವರ್ಷ ಮೈಮೇಲೆ ಯಾಕೆ ಇಟ್ಟುಕೊಂಡಿದ್ದನೋ, ಯಾರೂ ಕೇಳಿರಲಿಲ್ಲ.

ಪೀಪ್‌ಪೀಪ್!

ಆ ನಾದವು ಎದುರು ಬೆಟ್ಟಕ್ಕೆ ತಗುಲಿ, ಕೆರೆಯ ಮೇಲೆ ಜಾರಿ, ಮರಳಿ ಬಂದಿತು. ಜೀಪಿನ ಕಿಟಕಿಯಿಂದ ಕಪ್ಪು ಬಿಳುಪಿನ ನಾಯಿಯು ಬಾಣದಂತೆ ಹಾರಿ, ತನ್ನನ್ನೇ ಕೆಲಸಕ್ಕೆ ಕರೆದರೆಂದು ತಿಳಿದು, ಜುಂಜಯ್ಯನನ್ನೂ ಕಾರನ್ನೂ ಒಂದೇ ಮಂದೆಯೆಂದು ಲೆಕ್ಕ ಹಾಕಿ, ಸುತ್ತ ಸುತ್ತತೊಡಗಿತು. ಕಾರು ಕದಲಿತು.

“ಬರ್ಲಿ, ಬರ್ಲಿ, ಬರ್ಲಿ... ಬಲಕ್ಕೊಡಿ... ಒಡಿ ಒಡಿ... ಸೀದಾ ಬಿಡಿ... ಬರ್ಲಿ ಬರ್ಲಿ... ಏಯ್ ಅತ್ಲಾಗೋಗ್ ನಾಯಿ... ಬರ್ಲೀ...”

ಅಂಗೈಯಿಂದ ಡಿಕ್ಕಿಯನ್ನು ತಟ್ಟುತ್ತ, ಹಿಮ್ಮುಖವಾಗಿ ಹೆಜ್ಜೆಯಿಡುತ್ತ ಅವನು ನಡೆದನು. ಕಾರು ದಾರ ಹಿಡಿದ ಹಾಗೆ ಅವನ ಹಿಂದೆ ಸರಿದು ಬಂದಿತು. ಮೂಡ್ಲಗಿರಿಯಪ್ಪನು ಕನ್ನಡಿಯನ್ನು ನೋಡಲಿಲ್ಲ. ಪೀಂಪೀಂ ಎನ್ನುವ ಯಂತ್ರಕ್ಕೆ ಕಿವಿಗೊಡಲಿಲ್ಲ. ಕಣ್ಣು ಅರ್ಧ ಮುಚ್ಚಿದ್ದನು. ಗಾಲಿಯು ಎರಡು ಅಂಚಿಗೂ ತಾಗಲಿಲ್ಲ. ಹಲಗೆಯ ಜಾಗಕ್ಕೆ ಬಂದು, ಎಡಕ್ಕೆ ತಿರುಗಿ, ಒಳಸರಿದು, ಹಲಗೆಯ ಕಂಬಕ್ಕೆ ಇನ್ನು ಒಂದು ಗೇಣು ಇರುವಾಗ, ಜುಂಜಯ್ಯನು ಎದೆಯ ಗಾಳಿಯನ್ನೆಲ್ಲ ಒಟ್ಟುಗೂಡಿಸಿ ಉದ್ದನೆಯ ಒಂದೇ ಸೀಟಿ ಹೊಡೆದನು.

ಕಾರು ನಿಂತಿತು. ಅದೇ ಕ್ಷಣ, ನಾಯಿಯೂ ಓಡುತ್ತಿದ್ದಲ್ಲೇ ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ಬಿದ್ದುಕೊಂಡಿತು. ಆ ದೇಶದ ಕುರಿ ನಾಯಿಗಳಿಗೂ ಉದ್ದ ಸೀಟಿ ಎಂದರೆ ನಿಲ್ಲು ಎಂದೇ ಕಲಿಸಿರುತ್ತಾರಂತೆ.

ಜುಂಜಯ್ಯನು ನಾಯಿಯನ್ನು ನೋಡಿದನು, ಕಾರನ್ನು ನೋಡಿದನು. ಅವನ ಮುಖವು ಹುಣ್ಣಿಮೆಯಂತೆ ಅರಳಿತು.

“ಅಕ್ಕಾ!” ಎಂದು ನಲವತ್ತು ಮಾರಿನಾಚೆಗೆ ಕೂಗಿದನು. “ಸ್ಕಾಟ್ಲೆಂಡಿನ ನಾಯಿಗೂ ಕೇಳಿಸ್ತದೆ ಕಣಕ್ಕ ನನ್ ಸೀಟಿ!”

“ನಂಗ್ಯಾಕೆ ಹೇಳ್ತೀಯಾ?” ಎಂದು ಜೀಪಿನೊಳಗಿಂದ ಉತ್ತರ ಬಂದಿತು. “ಸ್ಟೇರಿಂಗ್ ಹಿಡಿದವ್ರೆ ನೋಡು, ಅವ್ರಿಗೆ ಹೇಳು.”

ಜೀಪು ಕೆಳಗಿಳಿದು ಬಂದು, ಸಣ್ಣೀರಮ್ಮನನ್ನು ಇಳಿಸಿ, ನಾಯಿಯನ್ನು ಹತ್ತಿಸಿಕೊಂಡಿತು. ಕಾರನ್ನು ದಾಟುವಾಗ ಮುದುಕಿಯು ಸ್ಟೇರಿಂಗಿನ ಮೇಲಿಂದ ಕೈ ತೆಗೆಯದೆ ತೋರುಬೆರಳೊಂದನ್ನೇ ಒಂದಂಗುಲ ಮೇಲೆತ್ತಿದಳು. ಟಗರುಗಳು ಒಮ್ಮೆ ಒದರಿದವು. ಅಷ್ಟೇ. ರಣಭೂಮಿಯ ಉದ್ದ ನಲವತ್ತು ಮಾರು; ಯುದ್ಧದ ಅವಧಿ ಹನ್ನೊಂದು ನಿಮಿಷ; ಸತ್ತದ್ದು ಎರಡು ಹಿಡಿ ಹುಲ್ಲು; ಕೊಳ್ಳೆ ಹೊಡೆದದ್ದು ಒಂದು ಬೆರಳು.

ಆ ಬೆರಳು ಹೋದ ಮೇಲೂ ಮೂಡ್ಲಗಿರಿಯಪ್ಪನು ಅದನ್ನೇ ನೋಡುತ್ತಿದ್ದನು. ಬೆಳಗಿನಿಂದ ಪಕ್ಕಕ್ಕೆ ಸರಿದು ನಿಂತಿದ್ದ ಹದಿನಾಲ್ಕು ಗಾಡಿಗಳು, ಕಾದು ನಗುತ್ತಿದ್ದ ಗಡ್ಡದ ಮುದುಕ, ಕೈಯಾಡಿಸಿದ ಮಗು, ಎಲ್ಲರೂ ಒಬ್ಬೊಬ್ಬರಾಗಿ ಅವನ ಕಣ್ಣ ಮುಂದೆ ಬಂದು ಹೋದರು. ಅವರು ಯಾರೂ ಸೋತಿರಲಿಲ್ಲ. ಆ ಹದಿನಾಲ್ಕು ಬೆರಳನ್ನು ಇನ್ನು ಯಾವ ರಸ್ತೆಯಲ್ಲಿ ಹುಡುಕಿಕೊಂಡು ಹೋಗಿ ತೀರಿಸುವುದು?

ಸಣ್ಣೀರಮ್ಮನು ಹಿಂದಿನ ಬಾಗಿಲು ತೆಗೆದು, “ನಾನು ಕಾಲು ಚಾಚ್ಕಂಡು ಮಲಗ್ತೀನಿ. ನೀನು ಮುಂದೆ ಕೂತ್ಕ” ಎಂದು ತಮ್ಮನನ್ನು ದಬ್ಬಿದಳು. ಜುಂಜಯ್ಯನು ಮುಂದೆ ಕೂತು, ಸೀಟಿಯನ್ನು ಸ್ವೆಟರಿಗೆ ಒರೆಸಿ ಜೇಬಿಗಿಟ್ಟುಕೊಂಡನು. ರಥವು ಹೊರಟಿತು. ಒಂದು ತಿರುವು ಹೋಯಿತು. ಒಂದು ಕೆರೆ ಹೋಯಿತು.

“ಕೇಳಿಸ್ತು” ಎಂದನು ಮೂಡ್ಲಗಿರಿಯಪ್ಪ, ರಸ್ತೆಗೆ.

ಇನ್ನೊಂದು ತಿರುವು.

“ಯಾವತ್ತಿಂದು?” ಎಂದನು ಜುಂಜಯ್ಯ, ಕಿಟಕಿಗೆ.

ಎದುರಿನಿಂದ ಹಳದಿ ಕಾರೊಂದು ಬರುತ್ತಿತ್ತು. ಅದು ಬಿಳೀ ಹಲಗೆಯ ಬಳಿ ಪಕ್ಕಕ್ಕೆ ಸರಿದು ನಿಂತಿತು. ಮೂಡ್ಲಗಿರಿಯಪ್ಪನು ಗಾಡಿಯನ್ನು ನಿಧಾನ ಮಾಡಿ, ಸ್ಟೇರಿಂಗಿನ ಮೇಲಿಂದ ತೋರುಬೆರಳನ್ನು ಒಂದಂಗುಲ ಎತ್ತಿದನು. ಹಳದಿ ಕಾರು ಹಿಂದಕ್ಕೆ ಉಳಿಯಿತು. ಬೆರಳು ಇಳಿಯಲಿಲ್ಲ, ಎಡಗಡೆಯ ಸೀಟಿನತ್ತ ಒಂದಿಷ್ಟು ವಾಲಿ, ಅಲ್ಲೇ ನಿಂತಿತು.

“ಅವತ್ತಿಂದೂವೆ” ಎಂದನು. “ಕೇಳಿಸ್ತು ಜುಂಜಾ.”

ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದವಳ ಗೊರಕೆ ನಿಂತಿತು.

ಜುಂಜಯ್ಯನು ಬಹಳ ಹೊತ್ತು ಕುರಿಗಳನ್ನು ನೋಡಿದನು. ಮೂಗು ಏರಿಸಿದನು, ನೆಗಡಿಯೇ ಇರಬೇಕು. ಆಮೇಲೆ ಕೈ ನೀಡಿ, ಕಾರಿನ ಡ್ಯಾಶ್‌ಬೋರ್ಡನ್ನು ಗೆಣ್ಣಿನಿಂದ ಎರಡು ಸಲ ಕುಟ್ಟಿದನು.

“ರೈಟ್.”